ಷರಾ

ಅಕ್ಟೋಬರಿನ ಎರಡನೇ ಭಾನುವಾರ. ಗೇಟಿನ ಬಳಿ ಹನ್ನೊಂದು ಜನ,
ಎರಡು ನಾಯಿ, ಒಂಬತ್ತು ಬುಟ್ಟಿ.
ಪುಸ್ತಕ ನನ್ನದು. ಪೆನ್ಸಿಲ್ಲೂ ನನ್ನದೇ,
ವೇಲ್ಸಿನ ಮಳೆಗೆ ಶಾಯಿ ತಡೆಯುವುದಿಲ್ಲ.

ಮೂವತ್ತೊಂದು ವರ್ಷ ಈ ಕಣಿವೆಗೆ ಅಂಚೆ ಹಂಚಿದವನು,
ವಿಳಾಸ ಬರೆಯಲು ಕೈ ಪಳಗಿದೆ:
ಎಸ್ಸೆನ್, ಏಳು ಎಂಟು ಮೂರು, ಆರು ಸೊನ್ನೆ ಐದು,
ಓಕ್ ಮರದ ಬುಡ, ಬಡಗಣ ಮಗ್ಗುಲು, ಪಾಚಿಯ ಮೇಲೆ.
ಆದರೆ ಈ ಮನೆಗಳಲ್ಲಿ
ಮುಂದಿನ ವಾರ ಹೋದರೆ ಯಾರೂ ಇರುವುದಿಲ್ಲ.
ಬಾಗಿಲೂ ಇರುವುದಿಲ್ಲ.

ಮಧ್ಯಾಹ್ನ, ತಂದದ್ದನ್ನೆಲ್ಲ ಚಪ್ಪಡಿಯ ಮೇಲೆ ಹರವುತ್ತೇವೆ.
ಮೆಯ್ರಿಗ್ ತಂದದ್ದು ಎಂದಿನಂತೆ ಬುಡ ಮುರಿದದ್ದು.
ಬುಡ ಬೇಕಯ್ಯಾ, ಬುಡವಿಲ್ಲದ ಅಣಬೆ
ಸಹಿಯಿಲ್ಲದ ಚೆಕ್ಕು ಎಂದು ಯಾರೋ ಬೈಯುತ್ತಾರೆ,
ಆಮೇಲೆ ಎಲ್ಲರೂ ಟೆಗ್ವೆನ್ ಕಡೆ ನೋಡುತ್ತಾರೆ.

ಟೆಗ್ವೆನ್ ಎಂದರೆ ಮೂಗು.
ನಾವು ಭೂತಗನ್ನಡಿ ಹುಡುಕುವುದರೊಳಗೆ ಅದು ಹೇಳಿಬಿಡುತ್ತಿತ್ತು:
ಇದು ಸೋಂಪು, ಇದು ಕಲಸಿಟ್ಟ ಹಿಟ್ಟು,
ಇದು ಮೀನು ಕೊಯ್ದ ಚಾಕುವಿನಲ್ಲಿ ಹೆಚ್ಚಿದ ಸೌತೆಕಾಯಿ.
ಬರ್ಚ್ ಕೆಳಗಿನ ಬೂದು ಅಣಬೆ ಮುರಿದು ಹಾಲು ಒಸರಿದರೆ
ಕೊಬ್ಬರಿ, ಎನ್ನುತ್ತಿದ್ದಳು.
ತೆಂಗಿನ ಮರ ಕಂಡವಳಲ್ಲ,
ಬಿಸ್ಕತ್ತಿನ ಡಬ್ಬಿಯಿಂದ ಬಂದ ವಿದ್ಯೆ.

ಈ ಸಲವೂ ಮುರಿದಳು. ಮೂಗಿಗೆ ಹಿಡಿದಳು.
ಎಷ್ಟು ಹೊತ್ತೆಂದರೆ
ಹಾಲು ಬೆರಳಿಗಿಳಿದು ಉಂಗುರದ ಅಡಿಗೆ ಹೋಯಿತು.
ಕೊಬ್ಬರಿ, ಎಂದಳು.
ಬುಟ್ಟಿಯಿಂದ ತೆಗೆದುಕೊಟ್ಟವನು ನಾನು. ಮೂಸಿದ್ದೆ.
ಒದ್ದೆ ಎಲೆಯ ಹೊರತು ಅದರಲ್ಲಿ ಏನೂ ಇರಲಿಲ್ಲ.

ಗುರುತಿಸಿದವರು: ಟೆಗ್ವೆನ್ ಪ್ರಾಬರ್ಟ್, ಎಂದು ಬರೆದೆ.
ಏಪ್ರಿಲಿನಲ್ಲಿ ಅವಳಿಗೆ ಜ್ವರ ಬಂದಿತ್ತು, ಮೂರು ವಾರ.
ಹೋಗುವಾಗ ಅದು ಏನೇನು ಹೊತ್ತೊಯ್ದಿತೆಂದು
ನಾವ್ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ಯಾಂಟೊ ಬಂದ, ಮೆಯ್ರಿಗ್‌ನ ಮೊಮ್ಮಗ,
ಏಳು ವರ್ಷ, ಮುಂದಿನೆರಡು ಹಲ್ಲಿಲ್ಲ.
ಅಂಗೈಯಲ್ಲಿ ಕಡ್ಡಿಯಂಥ ದಂಟು, ಉಗುರಗಲದ ಟೋಪಿ,
ಬುಡ ಸಮೇತ.
ಯಾವುದೋ ನಾಯಿಕೊಡೆ, ಬಿಸಾಡು, ಎಂದ ಅಜ್ಜ.
ಇರು, ಎಂದಳು ಟೆಗ್ವೆನ್. ಮಂಡಿಯೂರಿದಳು, ಕಷ್ಟದಿಂದ.
ಹಿಸುಕು. ಮೂಸು. ಹೆಸರು ಬೇಡ,
ಏನು ನೆನಪಾಗುತ್ತೆ ಹೇಳು.

ಹುಡುಗ ಕಣ್ಣು ಮುಚ್ಚಿದ.
ಈಜುಕೊಳ, ಎಂದ. ಬಟ್ಟೆ ಬದಲಿಸೋ ಕೋಣೆ. ಒದ್ದೆ ಚಡ್ಡಿ.
ಎಲ್ಲರೂ ನಕ್ಕರು. ನಾಯಿಗಳೂ ಎದ್ದು ನಿಂತವು.
ಅವಳು ನಗಲಿಲ್ಲ. ಮೈಸೀನಾ ಲೆಪ್ಟೊಸೆಫಲಾ, ಎಂದಳು ನನ್ನತ್ತ ತಿರುಗಿ,
ಗುರುತಿಸಿದವರು ಇಬ್ಬರು, ಅವನ ಹೆಸರು ಮೊದಲು.

ಆಮೇಲೆ, ಏನೂ ಆಗದವಳ ಹಾಗೆ,
ಚಪ್ಪಡಿಯಿಂದ ಆ ಬೂದು ಚೂರನ್ನೆತ್ತಿ ಅವನ ಮೂಗಿಗೆ ಹಿಡಿದಳು.
ಇದು?
ಏನಿಲ್ಲ.
ಏನೂ?
ಎಲೆ.

ಒರೆಸಿಬಿಡು, ಎಂದಳು.
ಯಾವುದನ್ನು ಎಂದು ನಾನು ಕೇಳಲಿಲ್ಲ.
ತೇವದ ಕಾಗದ, ರಬ್ಬರಿಗೆ ಸಿಕ್ಕಿ ಜುಂಗು ಎದ್ದಿತು,
ಕೊಬ್ಬರಿಯ ಗುಣಿತ ಒಂದೆರಡು ಇನ್ನೂ ಕಾಣುತ್ತಿದ್ದವು.

ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಎಲ್ಲವನ್ನೂ ಶಾಯಿಯಲ್ಲಿ ನಕಲು ಮಾಡಿದೆ.
ನಲವತ್ತೇಳು ಸಾಲು. ಷರಾ ಅಂಕಣ ಸಾಮಾನ್ಯವಾಗಿ ಖಾಲಿ;
ಇಪ್ಪತ್ತೆರಡನೆಯದರ ಎದುರು ಬರೆದೆ: ಈಜುಕೊಳ.
ಹತ್ತೊಂಬತ್ತನೆಯದಕ್ಕೆ ಲ್ಯಾಕ್ಟೇರಿಯಸ್ ಎಂದಷ್ಟೇ ಬರೆದು
ಮುಂದೆ ಜಾಗ ಬಿಟ್ಟೆ.

ಮನೆತನದ ಹೆಸರು ಮಾತ್ರ ಇರುವ ಕಾಗದಗಳು ಆಗಲೂ ಬರುತ್ತಿದ್ದವು.
ವಾಪಸು ಕಳಿಸಬೇಕೆಂಬುದು ನಿಯಮ.
ನಾನು ನಾಲ್ಕು ದಿನ ಚೀಲದಲ್ಲೇ ಇಟ್ಟುಕೊಂಡು
ಓಡಾಡುತ್ತಿದ್ದೆ.